ದೊಡ್ಡಮ್ಮನ ಮಲ್ಲಿಗೆ ಚೆಂಡು ಫೋನಲ್ಲಿ ಎದ್ದು ಬಂದದ್ದು

ಎರಡು ಫೋಟೋ ಸೇರಿಸಿ ಆಳ ಕಾಣೋ ಹಾಗೆ ಮಾಡೋದನ್ನ ನಾನು ಶುರು ಮಾಡಿದ್ದು ಮಣಿಪಾಲದ ಎಂಡ್ ಪಾಯಿಂಟ್ ಅನ್ನೋ ಗುಡ್ಡದ ತುದಿಯಲ್ಲಿ. ನಮ್ಮ ಎರಡು ಕಣ್ಣಿನ ಮಧ್ಯೆ ಸುಮಾರು 6.3 ಸೆಂಟಿಮೀಟರ್ ಉಂಟಲ್ಲ, ಅಷ್ಟೇ ಅಂತರ ಬಿಟ್ಟು ಫೋನಲ್ಲಿ ಎರಡು ಫೋಟೋ ತೆಗೆದು ಅಕ್ಕಪಕ್ಕ ಇಟ್ಟು ನೋಡಿದ್ರೆ ಸ್ವರ್ಣಾ ನದಿ ಕಣಿವೆ ಕೈಗೆ ಸಿಗೋ ಹಾಗೆ ಕಾಣ್ತದೆ ಅಂತ ನನ್ನ ಲೆಕ್ಕ. ತೆಗೆದೆ, ನೋಡಿದೆ, ಗೋಡೆ ಮೇಲಿನ ಕ್ಯಾಲೆಂಡರ್ ಹಾಗೆ ಚಪ್ಪಟೆ.

ಮನೆಗೆ ಬಂದು ಪೇಪರಲ್ಲಿ ಲೆಕ್ಕ ಹಾಕಿದ್ಮೇಲೆ ಕಾರಣ ಸಿಕ್ಕಿತು. ಎಡಗಣ್ಣಿಗೆ ಬೀಳೋ ಚಿತ್ರಕ್ಕೂ ಬಲಗಣ್ಣಿಗೆ ಬೀಳೋ ಚಿತ್ರಕ್ಕೂ ಸಣ್ಣ ವ್ಯತ್ಯಾಸ ಇರ್ತದೆ, ಮೆದುಳು ಅದ್ರಿಂದ ಆಳ ಕಂಡುಹಿಡಿಯೋದು, ಆದ್ರೆ ದೂರ ಡಬಲ್ ಆದ್ರೆ ಆ ವ್ಯತ್ಯಾಸ ಕಾಲು ಭಾಗಕ್ಕೆ ಇಳೀತದೆ. 2 ಮೀಟರ್ ದೂರದಲ್ಲಿ 10 ಸೆಂಟಿಮೀಟರ್ ಹಿಂದೆಮುಂದೆ ಇರೋ ಎರಡು ಲೋಟ ಸುಮಾರು 5 ಆರ್ಕ್‌ಮಿನಿಟ್ ವ್ಯತ್ಯಾಸ ಕೊಡ್ತವೆ (ಇದು ಕೋನದ ಅಳತೆ, 1 ಡಿಗ್ರಿಗೆ 60 ಆರ್ಕ್‌ಮಿನಿಟ್, 1 ಆರ್ಕ್‌ಮಿನಿಟಿಗೆ 60 ಆರ್ಕ್‌ಸೆಕೆಂಡ್), ಅದೇ 200 ಮೀಟರ್ ದೂರದಲ್ಲಿ 10 ಮೀಟರ್ ಹಿಂದೆಮುಂದೆ ಇರೋ ಎರಡು ತೆಂಗಿನಮರ ಬರೀ 3 ಆರ್ಕ್‌ಸೆಕೆಂಡ್. ಕಣ್ಣಿಗೇ ಸಿಗದ್ದು ಫೋಟೋದಲ್ಲಿ ಎಲ್ಲಿಂದ ಬರ್ಬೇಕು?

ಇಂಥ ಫೋಟೋ ಮಾಡುವವರು ಹೇಳೋ ಒಂದು ಅಂದಾಜು ಉಂಟು, ಹತ್ತಿರದ ವಸ್ತು ಎಷ್ಟು ದೂರ ಉಂಟೋ ಅದರ 30ರಲ್ಲಿ 1 ಭಾಗ ಫೋನ್ ಸರಿಸ್ಬೇಕು ಅಂತ. ಮುಂದಿನ ವಾರ 2 ಮೀಟರ್ ಪಕ್ಕಕ್ಕೆ ನಡೆದು ತೆಗೆದೆ. ಈ ಸಲ ಕಣಿವೆ ಆಳವಾಗಿ ಬಂತು, ಆದ್ರೆ ಮರ ಎಲ್ಲ ಆಟಿಕೆ ಹಾಗೆ ಚಿಕ್ಕದು, ಯಾಕಂದ್ರೆ ಮೆದುಳಿಗೆ ಕಣ್ಣಿನ ಅಂತರ ಯಾವಾಗ್ಲೂ ಅದೇ 6 ಚಿಲ್ಲರೆ ಸೆಂಟಿಮೀಟರ್.

ಆಮೇಲೆ ದೊಡ್ಡಮ್ಮ ಕಟ್ಟಿದ ಮಲ್ಲಿಗೆ ಚೆಂಡು. ಅದು 25 ಸೆಂಟಿಮೀಟರ್ ದೂರ, ಹಾಗಾಗಿ ಸ್ಟೀಲ್ ಸ್ಕೇಲಿಗೆ ತಾಗಿಸಿ ಫೋನನ್ನ 8 ಮಿಲಿಮೀಟರ್ ಮಾತ್ರ ಸರಿಸಿದೆ. ಮೇಲೆ ಕೆಳಗೆ ಒಂಚೂರೂ ಹೋಗ್ಬಾರ್ದು, ಫ್ಯಾನ್ ಆಫ್ ಮಾಡ್ಲೇಬೇಕು. ನೋಡೋವಾಗ ಎಡದ ಫೋಟೋ ಬಲಕ್ಕೆ, ಬಲದ್ದು ಎಡಕ್ಕೆ ಇಟ್ಟು, ಸ್ಕ್ರೀನಿಗೂ ಮುಖಕ್ಕೂ ಮಧ್ಯೆ ಬೆರಳು ಹಿಡಿದು ಬೆರಳಿನ ತುದಿಯನ್ನೇ ನೋಡ್ಬೇಕು, ಹಿಂದೆ ಮೂರು ಫೋಟೋ ಕಾಣ್ತದೆ, ನಡುವಿನದ್ದು ನಿಧಾನ ಗಟ್ಟಿ ಆಗ್ತದೆ. ಈ ಚೆಂಡು ಹೀಗೆ ಬರೋದಕ್ಕೆ ನನಗೆ ಹತ್ತು ದಿನ ಬೇಕಾಯ್ತು. ಬಂದ ದಿನ ಒಂದೊಂದು ಮೊಗ್ಗೂ ಬೇರೆ ಬೇರೆ ಜಾಗದಲ್ಲಿ ನಿಂತಿತ್ತು, ಬಾಳೆನಾರು ಹಿಂದೆ, ಮೊಗ್ಗಿನ ತುದಿ ನನ್ನ ಕಡೆಗೆ, ನಾನು ಸುಮಾರು ಹೊತ್ತು ಕಣ್ಣು ತೆಗೀಲಿಲ್ಲ.

1838ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಚಾರ್ಲ್ಸ್ ವೀಟ್‌ಸ್ಟನ್ ಇದನ್ನ ಬರೀ ಗೆರೆ ಚಿತ್ರಗಳಲ್ಲಿ ತೋರಿಸಿದ್ದ, ಫೋಟೋ ಜನರ ಕೈಗೆ ಬರೋ ಮೊದ್ಲೇ. ಆದ್ರೆ ನನಗೆ ಹೆಚ್ಚು ಆಶ್ಚರ್ಯ ಆದದ್ದು ಬೇಲಾ ಯೂಲೆಸ್ ಅನ್ನೋ ವಿಜ್ಞಾನಿ ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದಲ್ಲಿ ಮಾಡಿದ ಚುಕ್ಕಿ ಚಿತ್ರ, ಅದನ್ನ ಕಂಪ್ಯೂಟರಲ್ಲಿ ನಾನೇ ಮಾಡಿ ನೋಡಿದೆ. 200ಕ್ಕೆ 200 ಕಪ್ಪು ಬಿಳಿ ಚುಕ್ಕಿ ಚೆಲ್ಲಿ, ಅದರ ಕಾಪಿಯಲ್ಲಿ ನಡುವಿನ ಚೌಕ ಮಾತ್ರ 6 ಚುಕ್ಕಿ ಸರಿಸೋದು, ಅಷ್ಟೆ. ಒಂದು ಕಣ್ಣು ಮುಚ್ಚಿದ್ರೆ ಬರೀ ರಾಗಿ ಚೆಲ್ಲಿದ ಹಾಗೆ, ಎರಡೂ ಸೇರಿದ್ರೆ ಚೌಕ ಗಾಳಿಯಲ್ಲಿ. ಅಂದ್ರೆ ಇದು ಹೂ, ಇದು ಮರ ಅಂತ ಗುರುತು ಹಿಡಿಯೋ ಮೊದ್ಲೇ ಮೆದುಳು ಎರಡೂ ಚಿತ್ರ ತಾಳೆ ನೋಡಬಲ್ಲದು.

ದೊಡ್ಡಮ್ಮನಿಗೆ ಮಾತ್ರ ಯಾವುದೂ ಕಾಣ್ಲಿಲ್ಲ. ಅವರಿಗೆ ಸಣ್ಣದ್ರಿಂದಲೇ ಮೆಳ್ಳೆಗಣ್ಣು, ಆಗ ಯಾರೂ ತೋರಿಸ್ಲಿಲ್ಲ, ಎಳೆ ಪ್ರಾಯದಲ್ಲಿ ಎರಡೂ ಕಣ್ಣು ಒಂದೇ ಕಡೆ ನೋಡದಿದ್ರೆ ಮೆದುಳಲ್ಲಿ ಎರಡನ್ನೂ ಸೇರಿಸೋ ಕೋಶಗಳು ಸರಿ ಬೆಳೆಯೋದಿಲ್ಲ. ನನಗೆ ಬೇಜಾರಾಯ್ತು. ಆದ್ರೆ ಹೂ ಕಟ್ಟೋವಾಗ ಅವರು ತಲೆ ಆಚೀಚೆ ಅಲ್ಲಾಡಿಸ್ತಾ ನೋಡೋದು ನೆನಪಾಯ್ತು, ತಲೆ ಸರಿಸಿದ್ರೆ ಹತ್ತಿರದ್ದು ಜಾಸ್ತಿ ಓಡ್ತದೆ, ದೂರದ್ದು ಕಮ್ಮಿ, ಒಂದು ಕಣ್ಣಿಗೂ ಅದು ಸಾಕು. ಅದೇ ಎರಡು ಫೋಟೋವನ್ನ ಒಂದಾದ ಮೇಲೊಂದು ಬೇಗ ಬೇಗ ಬದಲಾಗೋ ಹಾಗೆ ಮಾಡಿ ಕೊಟ್ಟೆ.

ಫೋನ್ ಹತ್ತಿರ ಹಿಡಿದು ನೋಡಿದ್ರು. "ಹಾಂ, ಇದು ಎದುರು, ಇದು ಹಿಂದೆ" ಅಂತ ಬೆರಳಲ್ಲಿ ತೋರಿಸಿದ್ರು, ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಇಲ್ಲಿ ನೋಡು ಮಗಾ, ಈ ಹಿಂದಿನ ಸಾಲಲ್ಲಿ ಒಂದು ಮೊಗ್ಗು ಬಿಟ್ಟೋಗಿದೆ."