ಡಿಸ್ಕ್ ತಪಾಸಣೆಯ ದಿನ ನೀವೇ ಗೊತ್ತುಮಾಡಿ

ದಾವಣಗೆರೆ ಎಪಿಎಂಸಿ ಯಾರ್ಡಿನಲ್ಲಿ ನನ್ನ ಸೋದರಮಾವನ ದಲ್ಲಾಲಿ ಅಂಗಡಿ ಇದೆ. ಹದಿನೈದು ವರ್ಷದ ಹಿಂದೆ ಮೆಕ್ಕೆಜೋಳದ ಸುಗ್ಗಿಯಲ್ಲಿ ಒಂದು ಬೆಳಿಗ್ಗೆ, ಬಾಗಿಲ ಮುಂದೆ ಟ್ರ್ಯಾಕ್ಟರ್ ಸಾಲು ನಿಂತಿರುವಾಗ, ಲಿನಕ್ಸ್ ಕಂಪ್ಯೂಟರ್ ಆನ್ ಮಾಡಿದರೆ ಪರದೆಯ ಮೇಲೆ ಶೇಕಡಾ ಲೆಕ್ಕ ಓಡತೊಡಗಿತು. 4, 5, ಮತ್ತೆ 5. ರೈತರು ತೂಕದ ಚೀಟಿ ಹಿಡಿದು ಅರ್ಧ ಗಂಟೆ ಕಾದರು. ಯಂತ್ರ ಕೆಟ್ಟಿರಲಿಲ್ಲ, ತಪಾಸಣೆಯ ಸರದಿ ಬಂದಿತ್ತು.

ಆ ಸರದಿಯ ಲೆಕ್ಕ ಇರುವುದು ಡಿಸ್ಕಿನಲ್ಲೇ. ಎಕ್ಸ್ಟ್3, ಎಕ್ಸ್ಟ್4 ಫೈಲ್‌ಸಿಸ್ಟಂಗಳ (ಲಿನಕ್ಸ್ ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ವಿಧಾನಗಳು) ಸೂಪರ್‌ಬ್ಲಾಕಿನಲ್ಲಿ, ಅಂದರೆ ಅವುಗಳ ವಿವರ ಬರೆದಿಟ್ಟ ಜಾಗದಲ್ಲಿ, ಎಷ್ಟು ಸಲ ಮೌಂಟ್ ಆಯಿತು (ಬಳಕೆಗೆ ತೆರೆದುಕೊಂಡಿತು), ಕೊನೆಯ ತಪಾಸಣೆ ಯಾವತ್ತು ಎಂಬುದು ದಾಖಲಾಗಿರುತ್ತದೆ. ಎರಡರಲ್ಲಿ ಯಾವ ಮಿತಿ ಮೊದಲು ಮುಟ್ಟಿದರೂ ಮುಂದಿನ ಬೂಟ್‌ನಲ್ಲಿ, ಅಂದರೆ ಯಂತ್ರ ಶುರುವಾಗುವಾಗ, ತಪಾಸಣೆ ಮಾಡುವ ಎಫ್ಎಸ್‌ಸಿಕೆ (fsck) ಪ್ರೋಗ್ರಾಂ ಓಡುತ್ತದೆ. ಈ ಫೈಲ್‌ಸಿಸ್ಟಂಗಳ ಸಲಕರಣೆಗಳ ಕಂತೆಯಾದ ಇ2ಎಫ್ಎಸ್‌ಪ್ರಾಗ್ಸ್‌ನ 2011ರ 1.42 ಆವೃತ್ತಿಯಿಂದ ಹೊಸ ಡಿಸ್ಕುಗಳಿಗೆ ಈ ಏರ್ಪಾಡು ಹುಟ್ಟಿನಿಂದಲೇ ಬಂದ್. ಬೇಕಾದವರು ತಾವೇ ಹಾಕಿಕೊಳ್ಳಬೇಕು. ದಿನದ ವ್ಯವಹಾರವೆಲ್ಲ ಒಂದೇ ಯಂತ್ರದಲ್ಲಿ ಇರುವವರು ಹಾಕಿಕೊಳ್ಳಲೇಬೇಕು ಎಂಬುದು ನನ್ನ ಅಭಿಪ್ರಾಯ. ಕರೆಂಟ್ ಹೋದ ಪೆಟ್ಟನ್ನು ಜರ್ನಲ್ (ಮಾಡಲಿರುವ ಬದಲಾವಣೆಗಳನ್ನು ಮೊದಲೇ ಬರೆದಿಡುವ ದಾಖಲೆ) ಕೆಲವೇ ಸೆಕೆಂಡಿನಲ್ಲಿ ಸರಿಮಾಡುತ್ತದೆ, ನಿಜ. ಆದರೆ ಸಡಿಲ ಕೇಬಲ್ಲು, ಕೆಟ್ಟ ರ್‍ಯಾಮ್, ಸೊರಗುತ್ತಿರುವ ಡಿಸ್ಕು ಸದ್ದಿಲ್ಲದೆ ಮಾಡುವ ಹಾನಿ ಅದರ ಕಣ್ಣಿಗೆ ಬೀಳುವುದಿಲ್ಲ.

ಮೊದಲು ಈಗಿನ ಸ್ಥಿತಿ ನೋಡಿ. ಟರ್ಮಿನಲ್ ತೆರೆದು, ಇಂಗ್ಲಿಷ್ ಸಣ್ಣಕ್ಷರದಲ್ಲಿ 'ಸುಡೋ ಟ್ಯೂನ್2ಎಫ್ಎಸ್ -ಎಲ್' (sudo tune2fs -l) ಎಂದು ಟೈಪ್ ಮಾಡಿ, ಮುಂದೆ ನಿಮ್ಮ ಪಾರ್ಟಿಷನ್ನಿನ (ಡಿಸ್ಕಿನ ಭಾಗದ) ಹೆಸರು ಕೊಡಿ. ಗರಿಷ್ಠ ಮೌಂಟ್ ಎಣಿಕೆ -1, ತಪಾಸಣೆಯ ಅಂತರ 0 ಎಂದಿದ್ದರೆ ಯಾವ ಸರದಿಯೂ ಇಲ್ಲ.

ಅಂತರವನ್ನು ಹೀಗೆ ಹಾಕಿ: ಅದೇ ಆದೇಶದಲ್ಲಿ '-ಎಲ್' ಬದಲು '-ಐ 180ಡಿ' (-i 180d). ಇದು 180 ದಿನ. ಎಣಿಕೆ ಬೇಕಾದರೆ '-ಸಿ 30' (-c 30). ದಿನಾ ರಾತ್ರಿ ಆಫ್ ಮಾಡುವ ಅಂಗಡಿಯಲ್ಲಿ 30 ಎಂದರೆ ತಿಂಗಳಿಗೊಮ್ಮೆ, ಅದೂ ಯಾವ ಬೆಳಿಗ್ಗೆಯೋ. ಅದಕ್ಕೇ ನನಗೆ ದಿನದ ಲೆಕ್ಕ ಇಷ್ಟ. ಎರಡು ಪಾರ್ಟಿಷನ್ ಇದ್ದರೆ ಬೇರೆ ಬೇರೆ ಅಂಕಿ ಕೊಡಿ, ಒಂದೇ ದಿನ ಎರಡೂ ಬೀಳಬಾರದು.

ಮುಂದೆ, ಯಾವ ಪಾರ್ಟಿಷನ್ ಹೇಗೆ ಮೌಂಟ್ ಆಗಬೇಕೆಂಬ ಪಟ್ಟಿಯಾದ /ಇಟಿಸಿ/ಎಫ್ಎಸ್‌ಟ್ಯಾಬ್ (/etc/fstab) ತೆರೆದು ಕೊನೆಯ ಅಂಕಣ ನೋಡಿ. ರೂಟ್‌ಗೆ (ಲಿನಕ್ಸ್ ಇರುವ ಮುಖ್ಯ ಪಾರ್ಟಿಷನ್ನಿಗೆ) 1, ಉಳಿದವಕ್ಕೆ 2. 0 ಇದ್ದ ಪಾರ್ಟಿಷನ್ನಿನ ಸರದಿ ಬಂದರೂ ತಪಾಸಣೆ ನಡೆಯುವುದಿಲ್ಲ. ಬಹಳ ಜನ ಎಡವುವುದು ಇಲ್ಲೇ.

ಇನ್ನು ದಿನ ಗೊತ್ತುಮಾಡುವುದು. ಸೆಪ್ಟೆಂಬರ್ ಕೊನೆಯ ಭಾನುವಾರ ಬೂಟ್ ಮೆನುವಿನಲ್ಲಿ 'ಇ' (e) ಒತ್ತಿ, 'ಲಿನಕ್ಸ್' (linux) ಎಂದು ಶುರುವಾಗುವ ಸಾಲಿನ ತುದಿಗೆ 'ಎಫ್ಎಸ್‌ಸಿಕೆ.ಮೋಡ್=ಫೋರ್ಸ್' (fsck.mode=force) ಸೇರಿಸಿ ಬೂಟ್ ಮಾಡುತ್ತೇನೆ. ತಪಾಸಣೆ ಮುಗಿದೊಡನೆ ಎಣಿಕೆ, ದಿನಾಂಕ ಎರಡೂ ಹೊಸದಾಗಿ ಶುರು. ಮುಂದಿನ ಸರದಿ ಮಾರ್ಚ್ ಕೊನೆಗೆ. ಅಷ್ಟರಲ್ಲಿ ಮೆಕ್ಕೆಜೋಳದ ಸುಗ್ಗಿ ಕಳೆದಿರುತ್ತದೆ. ಅಡ್ಡ ದಿನ ಸರದಿ ಬಂದರೆ 'ಫೋರ್ಸ್' ಬದಲು 'ಸ್ಕಿಪ್' (skip) ಹಾಕಿ, ಅವತ್ತಿನ ಮಟ್ಟಿಗೆ ಮುಂದಕ್ಕೆ ಹೋಗುತ್ತದೆ.

ಮೌಂಟ್ ಆಗಿರುವ ಡಿಸ್ಕಿನ ಮೇಲೆ ಎಫ್ಎಸ್‌ಸಿಕೆಯನ್ನು ಕೈಯಾರೆ ಓಡಿಸಲೇಬೇಡಿ, ಇದ್ದ ದತ್ತಾಂಶವೂ ಹಾಳಾಗಬಹುದು. ಎಕ್ಸ್‌ಎಫ್ಎಸ್ ಎಂಬ ಬೇರೆ ಫೈಲ್‌ಸಿಸ್ಟಂ ಬಳಸುವವರಿಗೆ ಈ ಸರದಿ ಅನ್ವಯಿಸದು. ಅಲ್ಲಿ ಬೂಟ್‌ನ ತಪಾಸಣೆ ಮಾಮೂಲಾಗಿ ಏನನ್ನೂ ಮಾಡುವುದಿಲ್ಲ, ಬೇಕಾದಾಗ ಎಕ್ಸ್‌ಎಫ್ಎಸ್ ರಿಪೇರ್ (xfs_repair) ಓಡಿಸಬೇಕು.

'ಕೊನೆಯ ಮೌಂಟ್ ಸಮಯ ಭವಿಷ್ಯದಲ್ಲಿದೆ' ಎಂಬರ್ಥದ ಸಂದೇಶ ಪದೇಪದೇ ಕಂಡರೆ ಮದರ್‌ಬೋರ್ಡಿನ ನಾಣ್ಯದಂಥ ಸೆಲ್ ನೋಡಿ. ಅದು ಸತ್ತರೆ ಗಡಿಯಾರ ಹಿಂದಕ್ಕೆ ಹೋಗಿ ದಿನದ ಲೆಕ್ಕವೆಲ್ಲ ತಪ್ಪುತ್ತದೆ. ಹೊಸ ಸೆಲ್ ಹಾಕಿ, ಸಮಯ ಸರಿಪಡಿಸಿ, ಆಮೇಲೆ ಇನ್ನೊಮ್ಮೆ '-ಎಲ್' ಕೊಟ್ಟು ದಿನಾಂಕ ನೋಡಿಕೊಳ್ಳಿ.