ಶೋ ಬಿಟ್ಟ ಮೇಲಿನ ಏಳು ನಿಮಿಷ

ದಾವಣಗೆರೆಯಲ್ಲಿ ಎಗ್ಸಿಬಿಷನ್ ಹಾಕುವವರಿಗೆ ಗೇಟು ಅಂದರೆ ಒಳಗೆ ಬರುವ ಗೇಟು. ಆರ್ಚು, ಸೀರಿಯಲ್ ಸೆಟ್ಟು, ಎರಡು ಆನೆ ಬೊಂಬೆ, ಖರ್ಚೆಲ್ಲ ಅಲ್ಲಿಗೇ. ಹೊರಗೆ ಹೋಗೋಕೆ ಹಿಂದುಗಡೆ ನಾಲ್ಕು ತಗಡು ಸರಿಸಿದರೆ ಮುಗೀತು. ನಾನೂ ಹನ್ನೆರಡು ವರ್ಷ ಹಾಗೇ ಮಾಡಿದವನು, ಅದಕ್ಕೇ ಇದನ್ನು ಬರೆಯೋ ಹಕ್ಕು ನನಗಿದೆ ಅಂದುಕೊಂಡಿದ್ದೀನಿ.

ನಮ್ಮದು ಫೌಂಟನ್-ಲೇಸರ್ ಶೋ. ಸುತ್ತ ತಗಡು, ಒಳಗೆ ಸುಮಾರು ಒಂದೂವರೆ ಸಾವಿರ ಕುರ್ಚಿ, ಭಾನುವಾರ ಮೂರು ಆಟ, ಟಿಕೆಟ್ಟು 80 ರೂಪಾಯಿ. ಆಟ ಮುಗಿದ ಕೂಡಲೇ ಎಲ್ಲ ಲೈಟೂ ಒಟ್ಟಿಗೇ ಹಾಕ್ತಿದ್ದೆವು. ಒಂದೂವರೆ ಸಾವಿರ ಜನ ಒಂದೇ ಸಲ ಎದ್ದು ಹನ್ನೆರಡು ಅಡಿ ಗೇಟಿಗೆ ನುಗ್ಗೋರು. ಅದೇ ಹೊತ್ತಿಗೆ ಹೊರಗೆ ಮುಂದಿನ ಆಟದ ಕ್ಯೂ, ಪಕ್ಕದಲ್ಲಿ ಪಾಪ್‌ಕಾರ್ನ್, ಅದರ ಪಕ್ಕ ಮಂಡಕ್ಕಿ ಮಿರ್ಚಿ. ಒಂದು ಭಾನುವಾರ ಏಳೆಂಟು ವರ್ಷದ ಹುಡುಗಿ ಅಮ್ಮನ ಕೈತಪ್ಪಿ ಕೆಳಗೆ ಬಿತ್ತು. ನಮ್ಮ ಹುಡುಗನೊಬ್ಬ ಬ್ಯಾರಿಕೇಡ್ ಮೇಲಿಂದ ಬಗ್ಗಿ ಫ್ರಾಕು ಹಿಡಿದು ಎತ್ತಿದ. ಮಂಡಿ ತರಚಿತ್ತು, ಅಷ್ಟೇ. ಜನ ಹೋದ ಮೇಲೆ ನೆಲದ ಮೇಲೆ ಇಪ್ಪತ್ತಾರು ಒಂಟಿ ಚಪ್ಪಲಿ ಬಿದ್ದಿದ್ದವು. ಅವತ್ತಿನಿಂದ ನಾನು ಚಪ್ಪಲಿ ಎಣಿಸೋಕೆ ಶುರು ಮಾಡಿದೆ.

ಮಾಲೀಕರು ಅಂದ್ರು, "ಗೇಟು ಸಣ್ಣದಾಯ್ತು ಕಣಯ್ಯಾ, ಇಪ್ಪತ್ತಡಿ ಮಾಡ್ಸು." ವೆಲ್ಡಿಂಗು, ಪೈಪು, ಕೂಲಿ ಸೇರಿ ಹದಿನೆಂಟು ಸಾವಿರ ಹೋಯ್ತು. ಮುಂದಿನ ಭಾನುವಾರ ಚಪ್ಪಲಿ ಮೂವತ್ತೊಂದು. ಗೇಟು ದೊಡ್ಡದಾದಷ್ಟೂ ಜನ ಬೇಗ ಬಂದು ಹೊರಗಿನ ಅದೇ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡರು. ಹದಿನೆಂಟು ಸಾವಿರ ಕೊಟ್ಟು ಒತ್ತಡ ಕೊಂಡುಕೊಂಡೆವು ಅನ್ನಿ.

ಆಮೇಲೆ ಕೂತು ಲೆಕ್ಕ ಹಾಕಿದೆ. ಸ್ಟೇಡಿಯಂ ಕಟ್ಟುವವರ ಲೆಕ್ಕದಲ್ಲಿ ಸಮತಟ್ಟು ನೆಲದ ಮೇಲೆ ಒಂದು ಮೀಟರ್ ಅಗಲದ ದಾರಿಯಲ್ಲಿ ನಿಮಿಷಕ್ಕೆ 82 ಮಂದಿ ದಾಟಬಹುದು, ಮೆಟ್ಟಿಲಾದರೆ 66. ಹನ್ನೆರಡಡಿ ಅಂದರೆ ಮೂರೂವರೆ ಮೀಟರು ಚಿಲ್ಲರೆ. ಐದಾರು ನಿಮಿಷಕ್ಕೆ ಮೈದಾನ ಖಾಲಿಯಾಗಬೇಕಿತ್ತು, ನಮಗೆ ಹದಿನಾಲ್ಕು ಹಿಡೀತಿತ್ತು. ಹುಣಸೆ ಬೀಜ ಹಿಡಿದುಕೊಂಡು ಗೇಟಿನ ಪಕ್ಕ ನಿಂತೆ, ಹತ್ತು ಜನಕ್ಕೊಂದು ಬೀಜ ಎಡಜೇಬಿಂದ ಬಲಜೇಬಿಗೆ. ಮೊದಲ ಎರಡು ನಿಮಿಷ ಬೀಜ ಸರಸರ ಓಡ್ತಿತ್ತು, ಮೂರನೇ ನಿಮಿಷದಿಂದ ಕೈ ಸುಮ್ಮನೆ ನಿಂತುಬಿಡ್ತಿತ್ತು. ಗೇಟು ದಾಟಿದವರು ಮುಂದಕ್ಕೆ ಹೋಗದೆ ಪಾಪ್‌ಕಾರ್ನ್ ಮುಂದೆ ನಿಂತಿದ್ದರು, ಮಕ್ಕಳನ್ನ ಕೂಗ್ತಿದ್ದರು, ಆಟೋ ಎಲ್ಲಿ ಅಂತ ನೋಡ್ತಿದ್ದರು. ರೋಗ ಇದ್ದದ್ದು ಗೇಟಿನಾಚೆಯ ನಲವತ್ತು ಅಡಿಯಲ್ಲಿ.

ಚಿತ್ರದುರ್ಗದಲ್ಲಿ ಒಂದು ಸೀಸನ್ ಮಾಡಿದಾಗ ಬಿಡುವಿದ್ದ ದಿನ ಕೋಟೆ ಹತ್ತಿದ್ದೆ. ಏಳು ಸುತ್ತಿನ ಕೋಟೆಯ ಬಾಗಿಲುಗಳ ದಾರಿ ನೆಟ್ಟಗಿಲ್ಲ, ತಿರುವಿನ ಮೇಲೆ ತಿರುವು. ಒಮ್ಮೆಲೇ ನುಗ್ಗಿ ಬಂದ ದಂಡಿನ ರಭಸ ಅಲ್ಲೇ ಮುರೀಬೇಕು ಅಂತ ಹಾಗೆ ಕಟ್ಟಿದ್ದು. ನೋಡ್ತಾ ನಿಂತವನಿಗೆ ನಗು ಬಂತು. ನಾವು ಟಿಕೆಟ್ ಕ್ಯೂಗೆ ಹಾಕುವ ಝಿಗ್‌ಝ್ಯಾಗ್ ಬ್ಯಾರಿಕೇಡನ್ನೇ ಹೊರಗೆ ಹೋಗೋ ಕಡೆಗೂ ಹಾಕಿ, ಕೊನೆಗೆ ಓಬವ್ವನ ಕಿಂಡಿಯಂಥ ಸಂದಿ ಬಿಟ್ಟು, ಮೈಕಿನಲ್ಲಿ "ಬೇಗ ಬೇಗ ಹೋಗ್ರಿ" ಅಂತಿದ್ದೆವು. ವೈರಿಗಳಿಗೆ ಮಾಡಿದ ವ್ಯವಸ್ಥೆ ಟಿಕೆಟ್ ಕೊಟ್ಟವರಿಗೆ!

ಊರಿಗೆ ಬಂದು ಹೊರದಾರಿಯ ಬ್ಯಾರಿಕೇಡ್ ಎಲ್ಲ ಕೀಳಿಸಿದೆ. ಗೇಟು ಮತ್ತೆ ಹನ್ನೆರಡಡಿಗೆ ಇಳಿಸಿದೆ, ಆದರೆ ಗೇಟಿನಾಚೆ ದಾರಿ ಮೊರದ ಹಾಗೆ ಅಗಲವಾಗುತ್ತ ಹೋಗಬೇಕು ಅಂದೆ: ಹನ್ನೆರಡು, ಇಪ್ಪತ್ತು, ಮೂವತ್ತು. ಅದಕ್ಕೆ ಎರಡು ಸ್ಟಾಲ್ ಅಲ್ಲಿಂದ ಎದ್ದು ಹೋಗಬೇಕು, ಕ್ಯೂ ಮೈದಾನದ ಆ ಕಡೆಗೆ ಹೋಗಬೇಕು. ಮಾಲೀಕರು ಹೌಹಾರಿದರು. ಎರಡು ಸ್ಟಾಲಿನ ಸೀಸನ್ ಬಾಡಿಗೆ ಒಂದು ಲಕ್ಷ ಇಪ್ಪತ್ತು ಸಾವಿರದ ಆಸುಪಾಸು. "ನೀನು ಜನ ಕಾಯೋಕೆ ಬಂದೀಯೋ, ನನ್ನ ಅಂಗಡಿ ಮುಚ್ಚಿಸೋಕೆ ಬಂದೀಯೋ?" ಅಂದ್ರು. ಶಾಮಿಯಾನದವನೂ ಅವರ ಕಡೆಗೇ ಸೇರಿದ. ಎರಡು ಭಾನುವಾರ ಬಿಟ್ಟುಕೊಡಿ, ಆಗದಿದ್ದರೆ ನನ್ನ ಕೂಲಿ ಬೇಡ ಅಂದೆ. ಅಂದುಬಿಟ್ಟೆ, ರಾತ್ರಿ ನಿದ್ದೆ ಬರಲಿಲ್ಲ.

ದಾರಿ ಖಾಲಿಯಾದರೆ ಅರ್ಧ ಕೆಲಸ. ಇನ್ನರ್ಧ, ಜನರನ್ನ ತುಂಡುತುಂಡಾಗಿ ಎಬ್ಬಿಸೋದು. ಮೊದಲು ಹಗ್ಗ ಹಿಡಿಸಿದೆ. ದಪ್ಪ ತೆಂಗಿನ ನಾರಿನ ಹಗ್ಗ, ಎರಡು ಕಡೆ ಇಬ್ಬರು ಹುಡುಗರು, ಒಂದೊಂದು ಬ್ಲಾಕೇ ಬಿಡಬೇಕು ಅಂತ. ಒಬ್ಬ ಹಿರಿಯರು ಹಗ್ಗ ಎತ್ತಿ ನನ್ನ ಮುಖದ ಮುಂದೆಯೇ ಹಿಡಿದು, "ನಾವೇನ್ ದನ ಏನಪ್ಪಾ?" ಅಂದ್ರು. ನನಗೆ ಬಾಯಿ ಬರಲಿಲ್ಲ. ಹಗ್ಗದಡಿ ನುಸುಳಿದ ಮಕ್ಕಳು ಬೇರೆ ಆ ಕಡೆ, ತಾಯಂದಿರು ಈ ಕಡೆ. ಎರಡೇ ಆಟಕ್ಕೆ ಹಗ್ಗ ಗೋಡೌನ್ ಸೇರಿತು.

ಆಮೇಲೆ ಲೈಟು. ಆಟ ಮುಗಿದ ಮೇಲೆ ಗೇಟಿನ ಹತ್ತಿರದ ಬ್ಲಾಕಿಗೆ ಮೊದಲು ಪೂರ್ತಿ ಲೈಟು, ಉಳಿದವಕ್ಕೆ ಅರ್ಧ. ನಡುವಿನ ಓಡಾಟದ ದಾರಿಗೆ ಮಾತ್ರ ಲೈಟು ಯಾವಾಗಲೂ ಇರಬೇಕು, ಅಲ್ಲಿ ಕರೆಂಟು ಉಳಿಸೋಕೆ ಹೋಗಬೇಡಿ. ಲೈಟು ಬಂದ ಕಡೆ ಜನ ತಾವೇ ಏಳ್ತಾರೆ, ಅರ್ಧ ಬೆಳಕಿನಲ್ಲಿದ್ದವರು ಇನ್ನೇನೋ ಇದೆ ಅಂತ ಕೂತಿರ್ತಾರೆ. ಏನಾದರೂ ಇರಲೇಬೇಕಲ್ಲ, ಅದಕ್ಕೆ ಕುರ್ಚಿ ನಂಬರಿನ ಲಕ್ಕಿ ಡಿಪ್ ಇಟ್ಟೆ, ಆಟಕ್ಕೆ ಮೂರು ಸ್ಟೀಲ್ ಡಬ್ಬಿ, ನಾನೂರು ರೂಪಾಯಿ ಒಳಗೆ. ಮೊದಲ ದಿನ ಗೆದ್ದವರು ಸ್ಟೇಜಿಗೆ ಓಡಿ ಬಂದು ಎದುರು ದಿಕ್ಕಿನ ನೂಕಾಟ ಆಯ್ತು. ಡಬ್ಬಿಯನ್ನ ಗೇಟಿಗೆ ಒಯ್ದೆ, ಗೇಟೇ ಕಟ್ಟಿಕೊಂಡಿತು. ಕೊನೆಗೆ ಪಾರ್ಕಿಂಗಿನ ತುದಿಗೆ ಹಾಕಿದೆ. ಗೆದ್ದವರ ಜೊತೆ ಗೆಲ್ಲದವರೂ ನೋಡೋಕೆ ಅಂತ ಅಲ್ಲಿವರೆಗೆ ನಡೆದರು, ಅದೇ ನನಗೆ ಬೇಕಾಗಿದ್ದದ್ದು. ಲೈಟು ಯಾವ ಲೆಕ್ಕದಲ್ಲಿ, ಎಷ್ಟು ಸೆಕೆಂಡಿಗೊಮ್ಮೆ ಬಿಡ್ತೀನಿ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ. ಎರಡು ಸೀಸನ್ ಹೊಟ್ಟೆ ಉರಿಸಿಕೊಂಡು ಕಲಿತದ್ದು.

ಗಾಳಿ ತುಂಬಿದ ಡೈನೋಸಾರ್ ಒಂದಿತ್ತು, ಸೆಲ್ಫಿಗೆ. ಗೇಟಿಂದ ಅರವತ್ತಡಿಯಲ್ಲಿ ಇಟ್ಟರೆ ಅದೇ ಹೊಸ ಅಡ್ಡಗೋಡೆ, ನೂರೈವತ್ತು ಅಡಿಗೆ ಒಯ್ದರೆ ಅದೇ ಆಯಸ್ಕಾಂತ. ಹಾಡಿನ ಪ್ರಯೋಗವೂ ಮಾಡಿದೆ. ಕುಣಿಯೋ ಹಾಡು ಹಾಕಿದರೆ ಕಾಲೇಜು ಹುಡುಗರು ಗೇಟಲ್ಲೇ ಕುಣೀತಾರೆ, ನಿಧಾನದ ವಾದ್ಯ ಹಾಕಿದರೆ ಯಾರಿಗೂ ಕೇಳಿಸೋದಿಲ್ಲ. ಹಾಡು ಬಿಟ್ಟೆ. ಮೈಕಿನಲ್ಲಿ ಈಗ ಮನುಷ್ಯರ ಮಾತು ಮಾತ್ರ. ಕೊನೆ ಆಟಕ್ಕೆ ಮುಂಚೆಯೇ ಹರಿಹರ, ಹೊನ್ನಾಳಿ, ಚನ್ನಗಿರಿ ಬಸ್ಸಿನ ಟೈಮು ಎರಡು ಸಲ ಹೇಳಿಸ್ತೀನಿ. ಬಸ್ಸು ತಪ್ಪೀತು ಅನ್ನೋ ಹೆದರಿಕೆಯವರೇ ಮೊದಲು ನೂಕೋದು. ಅವರನ್ನ ಗೇಟಿನ ಪಕ್ಕದ ಬ್ಲಾಕಲ್ಲಿ ಕೂರಿಸಿದರೆ ತೊಂದರೆ ಅರ್ಧ ಕಡಿಮೆ.

ಹುಡುಗರಿಗೆ ನಾನು ಕಲಿಸೋದು ಒಂದೇ. ನಿಂತಲ್ಲಿ ನಿನ್ನ ಚಪ್ಪಲಿ ನಿನಗೆ ಕಾಣ್ತಿದೆಯಾ? ಕಾಣದಿದ್ದರೆ ಹಿಂದಿನ ಬ್ಲಾಕಿನ ಲೈಟು ತಡೆ, ಶೀಟಿ ಊದು. ಒಂದು ಚದರ ಮೀಟರಿಗೆ ನಾಲ್ಕು ಜನ ಇದ್ದರೆ ನಡಿಗೆ ಸಾಗುತ್ತೆ, ಆರು ದಾಟಿದರೆ ಯಾರೂ ತಾವಾಗಿ ನಡೆಯೋದಿಲ್ಲ, ನೀರಿನಲ್ಲಿ ತೇಲಿದಂತೆ ಒಯ್ಯಲ್ಪಡ್ತಾರೆ. ಪೇಪರಿನವರು ಕಾಲ್ತುಳಿತ ಅಂತ ಬರೀತಾರೆ. ಹೆಚ್ಚಿನವರ ಪ್ರಾಣ ಹೋಗೋದು ಎದೆ ಒತ್ತಿ ಉಸಿರು ಸಿಗದೆ, ಎಷ್ಟೋ ಸಲ ನಿಂತ ನಿಲುವಿನಲ್ಲೇ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ 11 ಜನ ಹೋದ ಮೇಲೆ ನನ್ನನ್ನು ನೋಡಿ ನಗುತ್ತಿದ್ದವರೇ ಫೋನು ಮಾಡಿ, "ಅಣ್ಣಾ, ನಿಮ್ಮ ಲೈಟಿನ ಲೆಕ್ಕ ಸ್ವಲ್ಪ ಹೇಳ್ರಿ" ಅಂದ್ರು.

ಲೈಟಿನದಲ್ಲ, ದುಡ್ಡಿನ ಲೆಕ್ಕ ಹೇಳಿಬಿಡ್ತೀನಿ, ನೆನಪಿನಿಂದ. ಹದಿನಾಲ್ಕು ನಿಮಿಷ ಏಳಕ್ಕೆ ಇಳೀತು. ಉಳಿದ ಹೊತ್ತು ಕೂಡಿಸಿಕೊಂಡು, ಮೊದಲ ಆಟ ಸ್ವಲ್ಪ ಬೇಗ ಶುರು ಮಾಡಿದ್ದಕ್ಕೆ ಭಾನುವಾರ ನಾಲ್ಕನೇ ಆಟ ಹಿಡೀತು. ಆ ಆಟಕ್ಕೆ ಸಾವಿರ ಜನ ಅಂದುಕೊಳ್ಳಿ. ಟ್ಯಾಕ್ಸು, ಫೌಂಟನ್‌ನವರ ಪಾಲು, ಜನರೇಟರ್ ಡೀಸೆಲ್ ಕಳೆದು ಮೂವತ್ತು ಸಾವಿರ ಕೈಗೆ. ಆರು ಭಾನುವಾರಕ್ಕೆ ಒಂದು ಲಕ್ಷ ಎಂಬತ್ತು. ಗೇಟಿನ ಎಂಟು ಹುಡುಗರಿಗೆ ತಲಾ 600, ಅದನ್ನ ತೆಗೆದರೂ ಸ್ಟಾಲ್ ಬಾಡಿಗೆಗಿಂತ ಮೇಲೆಯೇ. ಮಾಲೀಕರು ಲೆಕ್ಕದ ಪುಸ್ತಕ ಎರಡು ಸಲ ನೋಡಿ, ಏನೂ ಮಾತಾಡದೆ, ನನಗೆ ಬೆಣ್ಣೆ ದೋಸೆ ತರಿಸಿದರು. ಪಾಪ್‌ಕಾರ್ನ್‌ನವ ಈಗ ಡೈನೋಸಾರ್ ಪಕ್ಕ ಇದ್ದಾನೆ, ಮೊದಲಿಗಿಂತ ವ್ಯಾಪಾರ ಜಾಸ್ತಿ ಅಂತ ಅವನೇ ಹೇಳಿದ್ದು. ಚಪ್ಪಲಿ? ರಾತ್ರಿಗೆ ಎರಡೋ ಮೂರೋ.

ಸುತ್ತಲಿನ ತಗಡಿನ ಬಗ್ಗೆ ಒಂದು ಮಾತು. 1981ರಲ್ಲಿ ಬೆಂಗಳೂರಿನ ಸರ್ಕಸ್ ಡೇರೆಗೆ ಬೆಂಕಿ ಬಿದ್ದ ಕಥೆ ನಮ್ಮಪ್ಪ ಹೇಳ್ತಿದ್ದರು, ಸತ್ತವರಲ್ಲಿ ಮಕ್ಕಳೇ ಬಹಳ. ತಗಡನ್ನ ಬೈಂಡಿಂಗ್ ವೈರಿನಲ್ಲಿ ಬಿಗಿದರೆ ಬಿಚ್ಚೋಕೆ ಕಟಿಂಗ್ ಪ್ಲೇಯರ್ ಬೇಕು, ಆ ಹೊತ್ತಿಗೆ ಅದು ಯಾರ ಜೇಬಲ್ಲೂ ಇರೋದಿಲ್ಲ. ನಾನು ನಾಲ್ಕು ಮೂಲೆಯಲ್ಲೂ ಒಂದೊಂದು ತಗಡಿಗೆ ಜಾರುಗಂಟು ಹಾಕಿಸ್ತೀನಿ, ಎಳೆದರೆ ತಗಡು ಹೊರಕ್ಕೆ ಬೀಳಬೇಕು. ದಿನಾ ಆಟಕ್ಕೆ ಮುಂಚೆ ಒಂದು ಸಲ ಎಳೆದು ನೋಡಿಸ್ತೀನಿ.

ಮಳೆ ಮಾತ್ರ ಇನ್ನೂ ನನ್ನ ಕೈಗೆ ಸಿಕ್ಕಿಲ್ಲ. ಏಪ್ರಿಲ್ ಕೊನೆಗೆ ಗುಡುಗು ಮಳೆ ಬಂದಾಗ ಹೊರಗೆ ಹೋದವರು ಶಾಮಿಯಾನದೊಳಕ್ಕೆ ತಿರುಗಿ ಓಡಿ ಬರ್ತಾರೆ, ಒಳಗಿದ್ದವರು ಏಳೋದೇ ಇಲ್ಲ, ಲೈಟಿನ ಲೆಕ್ಕವೆಲ್ಲ ನೀರುಪಾಲು. ಹೋದ ಸಲ ಪಾರ್ಕಿಂಗಿನ ದಾರಿಗೆ ಟಾರ್ಪಾಲು ಕಟ್ಟಿಸಿದೆ, ಹನ್ನೊಂದು ಸಾವಿರ ಖರ್ಚು, ಮೊದಲ ಗಾಳಿಗೇ ಹರಿದು ಜಾಯಿಂಟ್ ವೀಲಿಗೆ ಸುತ್ತಿಕೊಂಡಿತು.