ತಾತನ ಮಿಲಿಟರಿ ಬಂದೂಕಿಗೆ ಯಾವ ತೋಟಾ? ಹೆಸ್ರು ಬಿಡಿ, ಚೇಂಬರ್ ನೋಡಿ

ಎಲೆಕ್ಷನ್ ಮುಗಿದ್ಮೇಲೆ ಮಧುಗಿರಿ ಹತ್ರ ಇರೋ ನಮ್ಮ ಸೋದರಮಾವ ಸ್ಟೇಷನ್ನಲ್ಲಿ ಡಿಪಾಸಿಟ್ ಇಟ್ಟಿದ್ದ ಬಂದೂಕ ವಾಪಸ್ ತಂದ್ರು, ಅದೇ ವಾರ ಅಟ್ಟ ಗುಡಿಸ್ವಾಗ ಬಿಸ್ಕತ್ ಡಬ್ಬೀಲಿ ಹನ್ನೊಂದು ತೋಟಾ ಸಿಕ್ತು. ಮನೆಯೋರೆಲ್ಲ "ಇದು ತ್ರೀ ನಾಟ್ ತ್ರೀ (.303) ಕಣೋ, ತೋಟಾನೂ ಅದರದ್ದೇ" ಅಂತ ತೀರ್ಮಾನ ಮಾಡ್ಬಿಟ್ರು. ಲೈಸೆನ್ಸ್ ಬುಕ್ ತೆಗೆದ್ರೆ .315 ಅಂತ ಬರ್ದಿದೆ! (ಹೀಗೆ ಚುಕ್ಕಿ ಇಟ್ಟು ಬರ್ದಿದ್ದೆಲ್ಲ ಇಂಚಿನ ಲೆಕ್ಕ.)

ನಮ್ಮ ಕಡೆ ಬೋಲ್ಟ್ (ಹಿಂದೆ ಮುಂದೆ ಎಳೆಯೋ ಅಗುಳಿ) ಇರೋ ಯಾವ ಬಂದೂಕ ಕಂಡ್ರೂ ತ್ರೀ ನಾಟ್ ತ್ರೀ ಅಂತಾರೆ. ಮಿಲಿಟರಿ ಬೋರ್ (ನಳಿಗೆ ಒಳಗಿನ ಅಳತೆ) ಜನಗಳ ಕೈಗೆ ಹೋಗ್ಬಾರ್ದು ಅಂತ ಇದ್ದಿದ್ರಿಂದ .315 ಬಂತು, ಆದ್ರೆ ನೋಡೋಕೆ ಅದೇ ಬ್ರಿಟಿಷ್ ಸೈನ್ಯದ ಲೀ ಎನ್‌ಫೀಲ್ಡ್ ಅಣ್ತಮ್ಮ. ಒಳಗಡೆ ತೋಟಾ ಕೂರೋ ಜಾಗ, ಅಂದ್ರೆ ಚೇಂಬರ್, ಮಾತ್ರ ಬೇರೆ ಲೆಕ್ಕ: .303 ಕೇಸ್ (ತೋಟಾದ ಲೋಹದ ಕೊಳವೆ) ಉದ್ದ ಸುಮಾರು 56 ಮಿ.ಮೀ., ಗುಂಡಿನ ದಪ್ಪ 7.9. .315ದು ಕೇಸ್ 50, ಗುಂಡು 8.2.

ಸರಿ, ಈಗ ಗುರ್ತಿಸೋದು ಹೇಗೆ. ಎಲ್ಲಕ್ಕಿಂತ ಮುಂಚೆ ಒಳಗೆ ಏನೂ ಇಲ್ಲ ಅಂತ ಖಾತ್ರಿ ಮಾಡ್ಕೊಳಿ, ಬೋಲ್ಟ್ ಇದ್ರೆ ಮ್ಯಾಗಜೀನ್ ತೆಗ್ದು ಬೋಲ್ಟ್ ಎಳ್ದು ಬೆಳಕಲ್ಲಿ ನೋಡಿ. ಬಾಯಿಂದ ಮದ್ದು ತುಂಬೋ ಹಳೇ 1853 ಎನ್‌ಫೀಲ್ಡ್ ಥರದ್ದಾದ್ರೆ ಒಂದು ಮರದ ಕಡ್ಡಿ ಒಳಗೆ ಬಿಟ್ಟು, ನಿಂತ ಕಡೆ ಗುರ್ತು ಹಾಕಿ, ಆಚೆ ತೆಗ್ದು ನಳಿಗೆ ಪಕ್ಕ ಇಟ್ಟು ಹೋಲಿಸಿ, ಕಡ್ಡಿ ತಳದವರ್ಗೂ ಹೋಗಿಲ್ಲ ಅಂದ್ರೆ ಯಾವ ಕಾಲದ್ದೋ ಮದ್ದು ಇನ್ನೂ ಕೂತಿದೆ ಅಂತ, ಅಲ್ಲಿಗೆ ನಿಲ್ಸಿ. ಇದಕ್ಕೆ ಲೋಹದ ತೋಟಾನೇ ಇಲ್ಲ, ಹುಡುಕೋದೂ ಬೇಡ.

ಆಮೇಲೆ ಮಾರ್ಕ್ ಓದಿ. ಬೋಲ್ಟ್ ಹಿಡಿ ಕೆಳಗೆ, ಮರದ ಹಿಡಿ ಸೇರೋ ಲೋಹದ ಭಾಗದಲ್ಲಿ ಕಿರೀಟ, ಜಿ.ಆರ್.ಐ. (ಜಾರ್ಜ್ ದೊರೆಯ ಗುರ್ತು), ಇಶಾಪುರ್ (ಬಂಗಾಳದ ರೈಫಲ್ ಫ್ಯಾಕ್ಟರಿ), ಇಸವಿ ಇದ್ರೆ ಬ್ರಿಟಿಷರ ಕಾಲದ .303 ಇರ್ಬಹುದು. ಆದ್ರೆ 1960ರ ದಶಕದಲ್ಲಿ ಅದೇ ಇಶಾಪುರ್ ಫ್ಯಾಕ್ಟರಿ 2ಎ, 2ಎ1 ಅಂತ 7.62 ನ್ಯಾಟೋ ತೋಟಾದ ರೈಫಲ್ ಮಾಡ್ತು. ಥಟ್ ಅಂತ ಗೊತ್ತಾಗೋ ಗುರ್ತು ಮ್ಯಾಗಜೀನು: .303ದು ತಳ ಇಳಿಜಾರು, 7.62ದು ಚೌಕ ಡಬ್ಬಿ. ಪೊಲೀಸ್ ಕಾವಲಿಗೆ ಅಂತ ಇದೇ .303 ರೈಫಲನ್ನ .410 ಮಸ್ಕೆಟ್ ಮಾಡಿದ್ದೂ ಉಂಟು. ನಳಿಗೆ ಒಳಗೆ ಗುಂಡನ್ನ ತಿರುಗಿಸೋ ತಿರುವು ಗೆರೆನೇ ಇರಲ್ಲ, ಅದ್ರ ತೋಟಾ .303 ಕೇಸಿಂದ ಮಾಡಿದ್ದು, ಅಂಗಡೀಲಿ ಸಿಗೋ .410 ಶಾಟ್‌ಗನ್ ತೋಟಾ ಅಲ್ಲ.

ಕೆಜಿಎಫ್ ಕಡೆ ಒಬ್ರ ಮನೆ ಗೋಡೇಲಿ ಟ್ರಿಗರ್ ಕೆಳಗೆ ಲಿವರ್ ಇರೋ ಮಾರ್ಟಿನಿ ಅನ್ನೋ ಹಳೇ ಬ್ರಿಟಿಷ್ ಬಂದೂಕ ನೋಡಿದ್ದೆ. ಮಾರ್ಟಿನಿ ಹೆನ್ರಿ ತೋಟಾ .577/450. ಈ ಹೆಸ್ರಲ್ಲೇ ಜನ ಎಡವೋದು, .577 ಕೇಸಿನ ಕುತ್ತಿಗೆ ಹಿಸುಕಿ .450 ಗುಂಡು ಕೂರಿಸಿದ್ದು ಅಂತ ಅರ್ಥ, ಎರಡು ತೋಟಾ ಹಾಕ್ಬಹುದು ಅಂತಲ್ಲ. ಅದೇ ಮಾರ್ಟಿನಿಗೆ ಆಮೇಲೆ .303 ನಳಿಗೆ ಹಾಕಿದ್ದೂ ಇದೆ, ಪಕ್ಕದಲ್ಲಿ ಎಂ.ಇ. (ಮಾರ್ಟಿನಿ ಎನ್‌ಫೀಲ್ಡ್) 303 ಅಂತ ಕೆತ್ತಿರ್ತಾರೆ.

ಅಂದ್ರೆ ಮಾರ್ಕ್ ಹೇಳೋದು ಬಂದೂಕ ಹುಟ್ಟಿದ್ದು ಹೇಗೆ ಅಂತ, ಆಮೇಲೆ ಯಾರೋ ಚೇಂಬರ್ ಕೊರೆದಿದ್ರೆ ಅದು ಎಲ್ಲೂ ಬರ್ದಿರಲ್ಲ. ಅದಕ್ಕೇ ಚೇಂಬರ್ ಅಚ್ಚು ತೆಗೀಬೇಕು. ಸೆರೋಸೇಫ್ ಅಂತ ಒಂದು ಲೋಹ, 70ರಿಂದ 88 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತೆ, ಕುದಿಯೋ ನೀರೂ ಬೇಕಾಗಲ್ಲ. ನಳಿಗೆಗೆ ಬಟ್ಟೆ ಗಟ್ಟಿಯಾಗಿ ತುರುಕಿ ಚೇಂಬರಿಗೆ ಹುಯ್ದು, ಗಟ್ಟಿಯಾದ್ಮೇಲೆ ತಳ್ಳಿ ತೆಗ್ದು, ಸುಮಾರು ಒಂದು ಗಂಟೆ ಬಿಟ್ಟು ಅಳೀಬೇಕು, ಯಾಕಂದ್ರೆ ಮೊದ್ಲು ಕುಗ್ಗಿ ಆಮೇಲೆ ಸರಿ ಅಳತೆಗೆ ಬರುತ್ತೆ. ಹಿಂದೆ ಗಂಧಕ ಕರಗಿಸಿ ಹುಯ್ತಿದ್ರಂತೆ. ನೀವೇ ಕೈ ಹಾಕ್ಬೇಡಿ, ಲೈಸೆನ್ಸ್ ಇರೋ ಗನ್‌ಸ್ಮಿತ್ ಹತ್ರ ಮಾಡ್ಸಿ.

ನಳಿಗೆ ಒಳಗಿನ ಅಳತೆಗೆ ಮೆತ್ತನೆ ಸೀಸದ ಗುಂಡು ತಳ್ಳಿ, ಆಚೆ ಬಂದ ಗುಂಡನ್ನ ವರ್ನಿಯರ್‌ನಲ್ಲಿ (ದಪ್ಪ ಅಳೆಯೋ ಸಾಧನ) ಅಳೀತಾರೆ. ಒಂದು ಕಿತಾಪತಿ ಇದೆ, ಎನ್‌ಫೀಲ್ಡ್‌ಗೆ ಸಾಮಾನ್ಯವಾಗಿ ಐದು ತೋಡು (ಅದೇ ತಿರುವು ಗೆರೆ), ಒಂದು ತೋಡಿನ ಎದುರಿಗೆ ದಿಣ್ಣೆ ಬರುತ್ತೆ, ವರ್ನಿಯರ್ ಕಮ್ಮಿ ತೋರ್ಸುತ್ತೆ. ನಾಲ್ಕು ತೋಡಿನ ನಳಿಗೆಗೆ ಈ ಪ್ರಾಬ್ಲಮ್ ಇಲ್ಲ.

ಮಾಡ್ಲೇಬಾರದ್ದು ಅಂದ್ರೆ ಸಿಕ್ಕ ತೋಟಾ ತುರುಕಿ ನೋಡೋದು. ಒಳಗೆ ಹೋಯ್ತು ಅಂದ ಮಾತ್ರಕ್ಕೆ ಅದರದ್ದೇ ಅಂತಲ್ಲ ಸ್ವಾಮಿ. ಜರ್ಮನ್ ಮೌಸರ್ ಬಂದೂಕಿನ 7.92 ಮಿ.ಮೀ. ತೋಟಾ ಎರಡು ಥರ ಇದೆ, ಹಳೇದು .318 ಗುಂಡು, 1905ರ ಮೇಲಿಂದು .323. ಕೇಸ್ ಒಂದೇ, ಹಳೇ ನಳಿಗೆಗೆ ಹೊಸದು ಹಾಕಿ ಹೊಡೆದ್ರೆ ಒತ್ತಡ ಏರಿ ಬಂದೂಕ ಒಡೀಬಹುದು. ಕರಿ ಮದ್ದಿನ ಕಾಲದ ನಳಿಗೆಗೆ ಹೊಗೆಯಿಲ್ಲದ ಮದ್ದಿನ ತೋಟಾ ಹಾಕೋದೂ ಅಷ್ಟೇ ಅಪಾಯ.

ಡಬ್ಬಿ ತೋಟಾದ ತಳದಲ್ಲಿ ಕೆ.ಎಫ್., ಪಕ್ಕದಲ್ಲಿ ರೋಮನ್ ಏಳು ಇತ್ತು. ಅಂದ್ರೆ ಪುಣೆ ಹತ್ರದ ಕಿರ್ಕಿ ಫ್ಯಾಕ್ಟರಿಯ .303 ಮಾರ್ಕ್ 7, ಮಾವನ ಬಂದೂಕಿಗೂ ಅದಕ್ಕೂ ಸಂಬಂಧವೇ ಇಲ್ಲ. ಮೇಲಾಗಿ .303 ಪ್ರೊಹಿಬಿಟೆಡ್ (ನಿಷೇಧಿತ) ಬೋರ್, ಆ ಲೈಸೆನ್ಸ್ ಇಲ್ದೆ ಒಂದು ತೋಟಾ ಮನೇಲಿದ್ರೂ ಪೊಲೀಸ್ ಕೇಸು. ಅತ್ತೆ "ಹಿತ್ತಲಲ್ಲಿ ಹೂತಾಕಿ" ಅಂದ್ರು. ಬೇಡ ಅಂತ ಮೊದ್ಲು ಸ್ಟೇಷನ್ನಿಗೆ ಫೋನ್ ಮಾಡಿ, ಹನ್ನೊಂದನ್ನೂ ಎಣಿಸಿ ಅರ್ಜಿ ಜೊತೆ ಒಪ್ಪಿಸಿ, ಸ್ವೀಕೃತಿ ಬರೆಸ್ಕೊಂಡು ಬಂದ್ವಿ.